ಮನೆ ಮುಂದಿನ ರಸ್ತೆ ಹೊಸದಾಯಿತು, ಖರ್ಚಿನ ಪಾಲು ನಮಗೂ ಬಂತು: ಮಿನಿಸೋಟಾದ ಸ್ಪೆಷಲ್ ಅಸೆಸ್‌ಮೆಂಟ್ ಅನುಭವ

ಮಿನಿಯಾಪೊಲಿಸ್ ಸುತ್ತಮುತ್ತ ಮನೆ ತಗೊಂಡಿರುವ ಕನ್ನಡದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಮನೆ 1970ರ ಅಥವಾ 80ರ ದಶಕದ್ದಾಗಿದ್ದರೆ ಮುಂದಿನ ರಸ್ತೆಯೂ ಹೆಚ್ಚುಕಡಿಮೆ ಅಷ್ಟೇ ಹಳೆಯದು. ಇವತ್ತಲ್ಲ ನಾಳೆ ಅದನ್ನು ಅಗೆದು ಹೊಸದಾಗಿ ಹಾಕುತ್ತಾರೆ. ಆಗ ಖರ್ಚಿನ ಒಂದು ಪಾಲು ಆ ರಸ್ತೆಯ ಮನೆಗಳ ಮೇಲೇ ಬೀಳಬಹುದು. ಇದಕ್ಕೆ ಇಲ್ಲಿ ಸ್ಪೆಷಲ್ ಅಸೆಸ್‌ಮೆಂಟ್ ಅನ್ನುತ್ತಾರೆ. ವರ್ಷ ವರ್ಷ ಕಟ್ಟುವ ಆಸ್ತಿ ತೆರಿಗೆ ಬೇರೆ, ಇದು ಬೇರೆ.

ಈ ಯೋಚನೆ ನಮಗೆ ಪೂರ್ತಿ ಹೊಸದೇನಲ್ಲ. ಬೆಂಗಳೂರಿನಲ್ಲಿ ಸೈಟು ತಗೊಂಡು ಖಾತೆ ಮಾಡಿಸಿಕೊಳ್ಳಲು ಓಡಾಡಿದವರಿಗೆ ಬೆಟರ್‌ಮೆಂಟ್ ಚಾರ್ಜ್ ಅಂದರೆ ಏನು ಅಂತ ಗೊತ್ತಿರುತ್ತದೆ. ರಸ್ತೆ, ಚರಂಡಿ ಬಂದರೆ ಜಾಗದ ಬೆಲೆ ಏರುತ್ತದೆ, ಹಾಗಾಗಿ ಅದರ ಖರ್ಚಿಗೆ ನೀವೂ ಕೊಡಿ ಅನ್ನುವುದು ಅಲ್ಲಿನ ವಾದ. ಇಲ್ಲಿನ ವಾದವೂ ಅದೇ. ಆದರೆ ಇಲ್ಲಿ ಹೆಜ್ಜೆಹೆಜ್ಜೆಗೆ ನೋಟಿಸು, ಸಭೆ, ಗಡುವು ಇದೆ. ಗಡುವು ದಾಟಿದರೆ ಕೇಳುವ ಹಕ್ಕೇ ಹೋಗುತ್ತದೆ. ಒಂದು ಕಾಗದಕ್ಕೆ ಸಹಿ ಹಾಕಿ ಸರಿಯಾದ ಹೊತ್ತಿಗೆ ಕೊಟ್ಟಿದ್ದರಿಂದ ನಮಗೆ ಎಂಟು ಸಾವಿರ ಡಾಲರಿಗಿಂತ ಜಾಸ್ತಿ ಉಳಿಯಿತು. ಅದಕ್ಕೇ ಇಷ್ಟು ಉದ್ದಕ್ಕೆ ಬರೆಯಬೇಕು ಅನ್ನಿಸಿತು.

ಮೊದಲ ಕಾಗದ ಬಂದದ್ದು 2022ರ ಶರತ್ಕಾಲದಲ್ಲಿ. ನಿಮ್ಮ ಬೀದಿಯನ್ನು ಮುಂದಿನ ವರ್ಷದ ಕಾಮಗಾರಿಗೆ ಸೇರಿಸುವ ಯೋಚನೆ ಇದೆ, ಸಿಟಿ ಹಾಲ್‌ನಲ್ಲಿ ಮಾಹಿತಿ ಸಭೆ ಇದೆ, ಬನ್ನಿ ಅಂತ. ಹಣದ ಮಾತು ಕೊನೆಯ ಸಾಲಿನಲ್ಲಿತ್ತು. 'ವೆಚ್ಚದ ಒಂದು ಭಾಗವನ್ನು ಪ್ರಯೋಜನ ಪಡೆಯುವ ಆಸ್ತಿಗಳ ಮೇಲೆ ಹಾಕುವ ಸಾಧ್ಯತೆ ಇದೆ' ಅನ್ನುವ ಅರ್ಥದ ಒಂದೇ ವಾಕ್ಯ. ಮೊತ್ತ ಬರೆದಿರಲಿಲ್ಲ.

ಸಭೆಗೆ ನಾನು, ನಮ್ಮ ಮನೆಯವರು ಇಬ್ಬರೂ ಹೋದೆವು. ಎಂಜಿನಿಯರುಗಳು ದೊಡ್ಡ ನಕ್ಷೆ ಹರಡಿಕೊಂಡು ಕೂತಿದ್ದರು. ರಸ್ತೆಯನ್ನು ಕೊರೆದು ತೆಗೆದ ಡಾಂಬರಿನ ತುಂಡುಗಳನ್ನೂ ಮೇಜಿನ ಮೇಲೆ ಇಟ್ಟಿದ್ದರು. ಮೇಲಿನ ಒಂದೂವರೆ ಎರಡು ಇಂಚು ಕೆರೆದು ಹೊಸ ಪದರ ಹಾಕುವ ಕೆಲಸಕ್ಕೆ 'ಮಿಲ್ ಅಂಡ್ ಓವರ್‌ಲೇ' ಅನ್ನುತ್ತಾರೆ. ಅದು ಅಗ್ಗ. ನಮ್ಮ ಬೀದಿಗೆ ಅದು ಸಾಲುವುದಿಲ್ಲ, ಕೆಳಗಿನ ಮಣ್ಣೇ ಕೆಟ್ಟಿದೆ, ಬುಡದಿಂದ ಕಟ್ಟಬೇಕು ಅಂದರು. ಇಲ್ಲಿ ಚಳಿಗಾಲದಲ್ಲಿ ನೆಲದೊಳಗಿನ ನೀರು ಹೆಪ್ಪುಗಟ್ಟಿ ಉಬ್ಬುತ್ತದೆ, ವಸಂತದಲ್ಲಿ ಕರಗಿ ಮಣ್ಣು ಮೆತ್ತಗಾಗುತ್ತದೆ. ಅದರ ಮೇಲೆ ಕಸದ ಲಾರಿ ಓಡಿದರೆ ರಸ್ತೆ ಒಡೆಯದೆ ಇನ್ನೇನಾಗುತ್ತದೆ?

ನನಗಿದ್ದ ಪ್ರಶ್ನೆ ಒಂದೇ. ಪೆಟ್ರೋಲಿಗೆ ತೆರಿಗೆ ಕೊಡುತ್ತೇವೆ, ಮನೆಗೆ ತೆರಿಗೆ ಕೊಡುತ್ತೇವೆ, ಮತ್ತೆ ರಸ್ತೆಗೆ ಬೇರೆ ಯಾಕೆ? ಅಲ್ಲಿದ್ದವರು ಬೇಸರ ಮಾಡಿಕೊಳ್ಳದೆ ವಿವರಿಸಿದರು. ಪೆಟ್ರೋಲ್ ತೆರಿಗೆಯ ಹಣ ರಾಜ್ಯದಿಂದ ನಗರಗಳಿಗೆ ಬರುವುದು ನಿಜ. ಆದರೆ 5,000ಕ್ಕಿಂತ ಹೆಚ್ಚು ಜನರಿರುವ ನಗರಗಳಿಗೆ ಮಾತ್ರ ಆ ನೆರವಿದೆ. ಅದೂ ನಗರದ ಒಟ್ಟು ರಸ್ತೆಯಲ್ಲಿ ಸುಮಾರು 20 ಶೇಕಡಾದಷ್ಟು ಉದ್ದವನ್ನು ಮಾತ್ರ ಆ ಪಟ್ಟಿಗೆ ಸೇರಿಸಬಹುದು. ದೊಡ್ಡ ರಸ್ತೆಗಳೇ ಆ ಪಟ್ಟಿ ತುಂಬಿಬಿಡುತ್ತವೆ. ನಮ್ಮಂಥ ಮನೆಗಳ ಬೀದಿ ಅದರಲ್ಲಿ ಇರುವುದಿಲ್ಲ. ಹಾಗಾಗಿ ನಗರ ಸಾಲಪತ್ರ ಹೊರಡಿಸಿ ಹಣ ಎತ್ತುತ್ತದೆ. ಮಿನಿಸೋಟಾ ಕಾನೂನಿನ 429ನೇ ಅಧ್ಯಾಯದ ಪ್ರಕಾರ ಖರ್ಚಿನ ಕನಿಷ್ಠ 20 ಶೇಕಡಾ ಭಾಗವನ್ನು ಆಸ್ತಿಗಳ ಮೇಲೆ ಹಾಕಿದರೆ, ಜನರ ಮತಕ್ಕೆ ಹಾಕದೆಯೇ ಈ ಸಾಲಪತ್ರ ಹೊರಡಿಸಬಹುದು. ಎಷ್ಟೋ ನಗರಗಳು ಈ ದಾರಿ ಹಿಡಿಯಲು ಇದೊಂದು ದೊಡ್ಡ ಕಾರಣ. ಎಲ್ಲ ನಗರಗಳೂ ಹೀಗೆ ಮಾಡುವುದಿಲ್ಲ ಅನ್ನುವುದೂ ನೆನಪಿರಲಿ. ಕೆಲವು ಕಡೆ ಕರೆಂಟು, ಗ್ಯಾಸ್ ಬಿಲ್ಲಿನ ಮೇಲೆ ಫ್ರಾಂಚೈಸ್ ಫೀ ಹಾಕಿ ರಸ್ತೆ ಮಾಡುತ್ತಾರೆ. ಮೇಪಲ್ ಗ್ರೋವ್‌ನ ದೇವಸ್ಥಾನದಲ್ಲಿ ಸಿಗುವ ಸ್ನೇಹಿತರ ಅನುಭವ ಕೇಳಿ ನಿಮ್ಮ ಊರಿನ ಲೆಕ್ಕ ಹಾಕಬೇಡಿ. ಊರಿಂದ ಊರಿಗೆ ಪದ್ಧತಿ ಬೇರೆ.

ಪಾಲು ಹಂಚುವ ರೀತಿಯೂ ಬೇರೆ ಬೇರೆ. ರಸ್ತೆಗೆ ತಾಗುವ ಅಂಚಿನ ಉದ್ದ ಅಳೆದು ಅಡಿಗೆ ಇಷ್ಟು ಅಂತ ಹಾಕುವುದು ಹಳೆಯ ಕ್ರಮ. ನಮ್ಮ ನಗರದಲ್ಲಿ ಒಂದು ಮನೆಗೆ ಒಂದು ಯೂನಿಟ್. ಮನೆ ಚಿಕ್ಕದಿರಲಿ ದೊಡ್ಡದಿರಲಿ ಅಷ್ಟೇ. ಮೂಲೆ ಮನೆಯವರು ಮಾತ್ರ ತಮ್ಮ ನಗರದ ನಿಯಮವನ್ನು ಬೇರೆಯಾಗಿ ಕೇಳಿ ತಿಳಿದುಕೊಳ್ಳಬೇಕು. ಎರಡು ಬೀದಿಗೂ ಕೊಡಬೇಕೋ, ಅರ್ಧರ್ಧವೋ ಅನ್ನುವುದು ಅದರಲ್ಲಿರುತ್ತದೆ.

2023ರ ಫೆಬ್ರವರಿಯಲ್ಲಿ ಮೊದಲ ಅಧಿಕೃತ ಹಿಯರಿಂಗ್. ಇದನ್ನು ಇಂಪ್ರೂವ್‌ಮೆಂಟ್ ಹಿಯರಿಂಗ್ ಅನ್ನುತ್ತಾರೆ. ಕನಿಷ್ಠ ಹತ್ತು ದಿನ ಮೊದಲು ಪ್ರತಿ ಮನೆಗೂ ಅಂಚೆಯಲ್ಲಿ ನೋಟಿಸು ಬರಬೇಕು. ಊರಿನ ಅಧಿಕೃತ ಪತ್ರಿಕೆಯಲ್ಲಿ ಎರಡು ಸಲ ಪ್ರಕಟವಾಗಬೇಕು. ಅಷ್ಟರಲ್ಲಿ ಫೀಸಿಬಿಲಿಟಿ ರಿಪೋರ್ಟ್, ಅಂದರೆ ಕೆಲಸ ಹೇಗೆ, ಎಷ್ಟು ಖರ್ಚು ಅನ್ನುವ ಎಂಜಿನಿಯರ್ ವರದಿ, ಸಿದ್ಧವಾಗಿರುತ್ತದೆ. ಅದನ್ನು ದಯವಿಟ್ಟು ತರಿಸಿಕೊಂಡು ಓದಿ. ನಡುವಿನ ತಾಂತ್ರಿಕ ಪುಟಗಳನ್ನು ಬಿಟ್ಟರೂ ಕೊನೆಯ ಪಟ್ಟಿಯನ್ನು ಮಾತ್ರ ಬಿಡಬೇಡಿ. ಯಾವ ಆಸ್ತಿಗೆ ಅಂದಾಜು ಎಷ್ಟು ಅಂತ ಅಲ್ಲಿರುತ್ತದೆ. ನಮ್ಮ ಮನೆಯ ಮುಂದೆ 9,100 ಡಾಲರ್ ಇತ್ತು. ನಾನು ಆ ಪಟ್ಟಿಯನ್ನು ಪ್ರಿಂಟ್ ಮಾಡಿ ಫೈಲಿನಲ್ಲಿ ಇಟ್ಟೆ. ಮುಂದೆ ನಮ್ಮನ್ನು ಕಾಪಾಡಿದ್ದು ಆ ಪ್ರಿಂಟೇ.

ಈ ಸಭೆಯಲ್ಲಿ ಚರ್ಚೆಯಾಗುವುದು ರಸ್ತೆ ಬೇಕೋ ಬೇಡವೋ, ಯಾವ ಅಗಲ, ಯಾವ ರೀತಿ ಅನ್ನುವುದು. ಬೀದಿಯ ಜನರೇ ಅರ್ಜಿ ಕೊಟ್ಟು ಕೇಳಿದ ಕೆಲಸವಾದರೆ, ಅಂದರೆ ರಸ್ತೆಗೆ ತಾಗುವ ಅಂಚಿನಲ್ಲಿ ಕನಿಷ್ಠ 35 ಶೇಕಡಾದ ಮಾಲೀಕರು ಸಹಿ ಹಾಕಿದ್ದರೆ, ನಗರದ ಕೌನ್ಸಿಲ್‌ನಲ್ಲಿ ಸರಳ ಬಹುಮತ ಸಾಕು. ನಗರ ತಾನಾಗಿ ಕೈಗೆತ್ತಿಕೊಂಡರೆ ಐದರಲ್ಲಿ ನಾಲ್ಕು ಪಾಲು ಮತ ಬೇಕು. ನಮ್ಮದು ಎರಡನೆಯ ತರಹದ್ದು. ಕೌನ್ಸಿಲ್‌ನಲ್ಲಿ ಐವರು. ಇಬ್ಬರು ಬೇಡ ಅಂದಿದ್ದರೆ ಕೆಲಸ ಬಿದ್ದುಹೋಗುತ್ತಿತ್ತು.

ಆ ದಿನ ಹೊರಗೆ ಕೊರೆಯುವ ಚಳಿ. ಒಳಗೆ ಜನ ತುಂಬಿದ್ದರು. ಒಬ್ಬೊಬ್ಬರಿಗೆ ಮೂರು ನಿಮಿಷ. ನಮ್ಮ ಎದುರು ಮನೆಯ ಅಜ್ಜಿ, ಗಂಡ ತೀರಿಕೊಂಡು ಒಬ್ಬರೇ ಇರುವವರು, ಕೋಲೂರಿಕೊಂಡು ಹೋಗಿ ಮೈಕಿನ ಮುಂದೆ ನಿಂತರು. ನನ್ನ ಪೆನ್ಷನ್ ಏರಿಲ್ಲ, ಔಷಧಿ ಖರ್ಚು ಏರಿದೆ, ಒಂಬತ್ತು ಸಾವಿರ ನಾನೆಲ್ಲಿಂದ ತರಲಿ ಅಂತ ಕೇಳಿದರು. ನನಗೆ ಗಂಟಲು ಕಟ್ಟಿತು. ರಸ್ತೆ ಹಾಳಾಗಿದೆ ಅನ್ನುವುದು ನಿಜ, ಆ ಅಜ್ಜಿ ಹೇಳಿದ್ದೂ ನಿಜ. ಬೆಲೆ ಏರಿದ ಮನೆಯಲ್ಲಿ ವಾಸವಿದ್ದ ಮಾತ್ರಕ್ಕೆ ಕೈಯಲ್ಲಿ ಹಣ ಬರುವುದಿಲ್ಲ. ಈ ಪದ್ಧತಿಯಲ್ಲಿ ನನಗೆ ಇಂದಿಗೂ ಒಪ್ಪಿಗೆಯಾಗದ ಭಾಗ ಇದು.

ಅವರಿಗೆ ಒಂದು ದಾರಿ ಇತ್ತು ಅಂತ ಆಮೇಲೆ ನಗರದ ಕ್ಲರ್ಕ್ (ನಗರದ ದಾಖಲೆ ನೋಡಿಕೊಳ್ಳುವ ಅಧಿಕಾರಿ) ಹೇಳಿದರು. 65 ದಾಟಿದವರು, ಶಾಶ್ವತ ಅಂಗವೈಕಲ್ಯದಿಂದ ನಿವೃತ್ತರಾದವರು, ಸಕ್ರಿಯ ಸೇನಾ ಸೇವೆಗೆ ಕರೆ ಬಂದವರು ತಮಗೆ ಕಟ್ಟುವುದು ಕಷ್ಟ ಅಂತ ತೋರಿಸಿದರೆ ಮುಂದೂಡಿಕೆ ಕೊಡಲು ಕಾನೂನಿನಲ್ಲಿ ಅವಕಾಶವಿದೆ. ಅದು ತಾವೇ ವಾಸವಿರುವ ಮನೆಯಾಗಿರಬೇಕು, ನಗರವೂ ಆ ವ್ಯವಸ್ಥೆಯನ್ನು ಒಪ್ಪಿಕೊಂಡಿರಬೇಕು. ಹಣ ಮನ್ನಾ ಆಗುವುದಿಲ್ಲ. ಮನೆ ಮಾರಿದಾಗ ಅಥವಾ ಮಾಲೀಕರು ತೀರಿಕೊಂಡಾಗ ಕಟ್ಟಬೇಕಾಗುತ್ತದೆ. ಅರ್ಜಿ ನಾವಾಗಿ ಕೊಡಬೇಕು. ನಿಮ್ಮ ಜೊತೆ ವಯಸ್ಸಾದ ಅಪ್ಪ ಅಮ್ಮ ಇದ್ದು ಮನೆ ಅವರ ಹೆಸರಿನಲ್ಲಿದ್ದರೆ, ಅಥವಾ ಪಕ್ಕದಲ್ಲಿ ಇಂಥ ಹಿರಿಯರಿದ್ದರೆ, ಈ ವಿಷಯ ಅವರಿಗೆ ಖಂಡಿತ ಹೇಳಿ. ನಮ್ಮ ಎದುರು ಮನೆಯವರಿಗೆ ಅದು ಸಿಕ್ಕಿತು.

ನಾಲ್ಕು ಜನ ಪರ, ಒಬ್ಬರು ವಿರೋಧ. ಕೆಲಸ ಮಂಜೂರಾಯಿತು.

ಮೇ ತಿಂಗಳಲ್ಲಿ ಯಂತ್ರಗಳು ಬಂದವು. ಅದೇ ಹೊತ್ತಿಗೆ ಮಾವ ದಾವಣಗೆರೆಯಿಂದ ಬಂದಿದ್ದರು. ಅವರು ಪಿಡಬ್ಲ್ಯುಡಿಯಲ್ಲಿ ಜೂನಿಯರ್ ಎಂಜಿನಿಯರ್ ಆಗಿ ದುಡಿದು ನಿವೃತ್ತರಾದವರು. ಇಲ್ಲಿಗೆ ಬಂದಾಗಲೆಲ್ಲ ಹೊತ್ತು ಹೋಗುವುದಿಲ್ಲ ಅನ್ನುತ್ತಿದ್ದರು. ಈ ಸಲ ಬೆಳಗ್ಗೆ ಕಾಫಿ ಲೋಟ ಹಿಡಿದು ಗರಾಜಿನ ಮುಂದೆ ಕುರ್ಚಿ ಹಾಕಿಕೊಂಡು ಕೂತರೆ ಮಧ್ಯಾಹ್ನದ ಊಟಕ್ಕೇ ಏಳುತ್ತಿದ್ದರು. ಹಳೆಯ ಡಾಂಬರು ಕಿತ್ತರು, ಮಣ್ಣು ತೆಗೆದರು, ಕೆಳಗೆ ಬಟ್ಟೆಯಂಥ ಹಾಸು ಹಾಸಿದರು, ಮರಳು ತುಂಬಿದರು, ಅಂಚಿನಲ್ಲಿ ನೀರು ಬಸಿಯುವ ಕೊಳವೆ ಇಟ್ಟರು, ಮೇಲೆ ಜಲ್ಲಿ. ಒಂದು ದಿನ ಭರ್ತಿ ಲೋಡಿದ್ದ ಲಾರಿಯೊಂದನ್ನು ಆ ನೆಲದ ಮೇಲೆ ನಿಧಾನಕ್ಕೆ ಓಡಿಸಿದರು. ಪಕ್ಕದಲ್ಲಿ ಇನ್‌ಸ್ಪೆಕ್ಟರ್ ನಡೆಯುತ್ತಾ ಚಕ್ರದ ಕೆಳಗೆ ಮಣ್ಣು ಎಲ್ಲಿ ಕುಸಿಯುತ್ತದೆ ಅಂತ ನೋಡುತ್ತಿದ್ದರು. ಕುಸಿದಲ್ಲಿ ಬಣ್ಣದ ಗುರುತು. ಮರುದಿನ ಅಲ್ಲಷ್ಟೇ ಮತ್ತೆ ಅಗೆದರು.

"ನೋಡಮ್ಮ, ಬುಡ ನೋಡಿ ಮಾಡ್ತಿದ್ದಾರೆ. ನೀವು ದುಡ್ಡು ಕೊಟ್ಟರೂ ಚಿಂತೆಯಿಲ್ಲ" ಅಂದರು ಮಾವ.

"ಬಿಲ್ ಇನ್ನೂ ಬಂದಿಲ್ಲ ಮಾವ" ಅಂದೆ.

"ಬರಲಿ ಬಿಡು. ಬಂದಾಗ ಅಳತೆ ಸರಿ ಇದೆಯಾ ನೋಡು. ರಸ್ತೆ ಕೆಲಸದಲ್ಲಿ ಮೊದಲು ನೋಡೋದು ಅಳತೆ ಪುಸ್ತಕ."

ಕಾಮಗಾರಿಯ ದಿನಗಳ ಬಗ್ಗೆ ಒಂದೆರಡು ಮಾತು. ಮನೆ ಮುಂದೆ ಕಾಂಕ್ರೀಟ್ ಕರ್ಬ್ ಮತ್ತು ಡ್ರೈವ್‌ವೇ ಬಾಯಿ ಹಾಕಿದ ಮೇಲೆ ಒಂದು ವಾರ ಕಾರು ಒಳಗೆ ಬರುವಂತಿಲ್ಲ. ಹಿಂದಿನ ರಾತ್ರಿಯೇ ಕಾರನ್ನು ಪಕ್ಕದ ಬೀದಿಯಲ್ಲಿ ನಿಲ್ಲಿಸಬೇಕು. ಪುಟ್ಟ ಮಕ್ಕಳಿದ್ದವರು, ನಡೆಯಲು ಕಷ್ಟವಿರುವವರು ಇದ್ದರೆ ಸೈಟಿನ ಇನ್‌ಸ್ಪೆಕ್ಟರಿಗೆ ಮೊದಲೇ ಹೇಳಿಡಿ. ಎದುರು ಮನೆಯ ಅಜ್ಜಿಗೆ ಅವರು ಬೇರೆ ವ್ಯವಸ್ಥೆ ಮಾಡಿಕೊಟ್ಟರು. ಲಾನಿಗೆ ನೀರು ಹಾಕುವ ಸ್ಪ್ರಿಂಕ್ಲರ್ ಕೊಳವೆ ರಸ್ತೆ ಅಂಚಿನವರೆಗೆ ಬಂದಿದ್ದರೆ ಕೆಲಸ ಶುರುವಾಗುವ ಮುಂಚೆಯೇ ಪುಟ್ಟ ಬಾವುಟ ನೆಟ್ಟು ಗುರುತು ಮಾಡಿ, ಫೋಟೋ ತೆಗೆದಿಡಿ. ಡ್ರೈವ್‌ವೇ, ಮೆಟ್ಟಿಲು, ಅಂಚಿನ ಮರ, ಎಲ್ಲದರ ಫೋಟೋ ತಾರೀಖಿನ ಸಮೇತ ಇರಲಿ. ಬೇಸ್‌ಮೆಂಟಿಗೆ ಬಸಿದ ನೀರನ್ನು ಹೊರಹಾಕುವ ಸಂಪ್ ಪಂಪಿನ ನೀರನ್ನು ರಸ್ತೆಯ ಹೊಸ ಬಸಿ ಕೊಳವೆಗೆ ಜೋಡಿಸಿಕೊಳ್ಳಲು ಕೆಲವು ಕಡೆ ಅವಕಾಶ ಕೊಡುತ್ತಾರೆ. ನೆಲ ಅಗೆದಿರುವಾಗಲೇ ಕೇಳಿ. ಆಮೇಲೆ ಮಾಡಿಸಿದರೆ ಖರ್ಚು ನಿಮ್ಮದೇ.

ಸೆಪ್ಟೆಂಬರ್ ಕೊನೆಯಲ್ಲಿ ಡಾಂಬರಿನ ಮೊದಲ ಪದರ ಬಿತ್ತು. ಅದರ ಹಿಂದೆಯೇ ಎರಡನೆಯ ನೋಟಿಸು ಬಂತು, ಅಸೆಸ್‌ಮೆಂಟ್ ಹಿಯರಿಂಗ್‌ನದು. ಟೆಂಡರ್ ಅಂದಾಜಿಗಿಂತ ಕಡಿಮೆಗೆ ಬಂದಿದ್ದರಿಂದ ಯೂನಿಟ್‌ಗೆ 8,400 ಡಾಲರ್ ಅಂತ ಇತ್ತು. ಒಂದು ಕ್ಷಣ ಸಮಾಧಾನವಾಯಿತು. ಆದರೆ ಅದೇ ದಿನದ ಅಂಚೆಯಲ್ಲಿ ಅದೇ ತರಹದ ಇನ್ನೊಂದು ಲಕೋಟೆಯೂ ಇತ್ತು. ಅದರಲ್ಲೂ 8,400. ವಿಳಾಸ ನಮ್ಮದೇ. ಪಾರ್ಸೆಲ್ ಸಂಖ್ಯೆ, ಅಂದರೆ ದಾಖಲೆಯಲ್ಲಿ ಒಂದೊಂದು ತುಂಡು ಜಾಗಕ್ಕೆ ಕೊಡುವ ಸಂಖ್ಯೆ, ಮಾತ್ರ ಬೇರೆ.

ವಿಷಯ ಏನೆಂದರೆ, ನಮ್ಮ ಮನೆಯ ಪಕ್ಕಕ್ಕೆ ಹನ್ನೆರಡು ಅಡಿ ಅಗಲದ ಒಂದು ಉದ್ದ ಪಟ್ಟಿ ಜಾಗ ಇದೆ. ಹಿಂದಿನ ಮಾಲೀಕರು ಯಾವಾಗಲೋ ಪಕ್ಕದವರಿಂದ ತಗೊಂಡಿದ್ದಂತೆ. ನಾವು ಮನೆ ಕೊಂಡಾಗ ಒಂದೇ ಕ್ರಯಪತ್ರದಲ್ಲಿ ಎರಡೂ ಬಂದವು. ಕೌಂಟಿಯ (ಇಲ್ಲಿನ ಜಿಲ್ಲಾಡಳಿತದಂಥದ್ದು) ದಾಖಲೆಯಲ್ಲಿ ಮಾತ್ರ ಅದಕ್ಕೆ ಬೇರೆಯೇ ಸಂಖ್ಯೆ. ವರ್ಷಕ್ಕೆ ಪುಟ್ಟದೊಂದು ತೆರಿಗೆ ಚೀಟಿಯೂ ಅದರ ಹೆಸರಿನಲ್ಲಿ ಬರುತ್ತಿತ್ತು. ಈಗ ಅಲ್ಲಿ ಬೆಳೆದ ಹುಲ್ಲಿಗೂ ಒಂದು ಮನೆಯ ಪಾಲು ಬಿದ್ದಿತ್ತು. ಒಟ್ಟು 16,800 ಡಾಲರ್. ಆ ರಾತ್ರಿ ನಮ್ಮಿಬ್ಬರಿಗೂ ನಿದ್ದೆ ಬರಲಿಲ್ಲ.

ಬೆಳಗ್ಗೆ ಫೋನ್ ಮಾಡಿದೆ. ಒಂದು ವಿಭಾಗದವರು ಇನ್ನೊಂದಕ್ಕೆ ಕಳಿಸಿದರು, ಅವರು ಕೌಂಟಿಗೆ ಕಳಿಸಿದರು, ಕೌಂಟಿಯವರು ಇದು ನಗರದ ಪಟ್ಟಿ, ಅವರನ್ನೇ ಕೇಳಿ ಅಂದರು. ಕೊನೆಗೆ ಸಿಕ್ಕ ಒಬ್ಬರು, ಕೊನೆಯ ಪಟ್ಟಿಯನ್ನು ಪಾರ್ಸೆಲ್ ಸಂಖ್ಯೆಗಳ ಮೇಲೆ ತಯಾರಿಸಿದ್ದಾರೆ, ಸಂಖ್ಯೆ ಇದ್ದಲ್ಲೆಲ್ಲ ಒಂದು ಯೂನಿಟ್ ಬಿದ್ದಿದೆ ಅಂದರು. "ನೋಡ್ತೀವಿ, ಸರಿ ಮಾಡ್ತೀವಿ, ಚಿಂತೆ ಮಾಡಬೇಡಿ" ಅಂತಲೂ ಹೇಳಿದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆದರೆ ಆ ಬಾಯಿಮಾತನ್ನು ನಂಬಿ ಸುಮ್ನೆ ಕೂರಬಾರದು ಅಂತ ನೋಟಿಸಿನ ಹಿಂಬದಿಯ ಸಣ್ಣ ಅಕ್ಷರಗಳೇ ಹೇಳುತ್ತಿದ್ದವು.

ಈ ಭಾಗವನ್ನು ನಿಧಾನಕ್ಕೆ ಓದಿ. ಅಸೆಸ್‌ಮೆಂಟ್‌ಗೆ ಆಕ್ಷೇಪಣೆ ಇದ್ದರೆ ಅದು ಬರವಣಿಗೆಯಲ್ಲಿರಬೇಕು. ಮಾಲೀಕರ ಸಹಿ ಇರಬೇಕು. ಹಿಯರಿಂಗ್‌ಗೆ ಮುಂಚೆ ನಗರದ ಕ್ಲರ್ಕಿಗೆ ತಲುಪಿರಬೇಕು, ಇಲ್ಲವೇ ಹಿಯರಿಂಗ್‌ನಲ್ಲೇ ಅಧ್ಯಕ್ಷತೆ ವಹಿಸಿದವರ ಕೈಗೆ ಕೊಡಬೇಕು. ಇದನ್ನು ಮಾಡದಿದ್ದರೆ ಆಮೇಲೆ ಕೋರ್ಟಿಗೆ ಹೋಗುವ ದಾರಿ ಮುಚ್ಚುತ್ತದೆ. ಮೈಕಿನ ಮುಂದೆ ಮೂರು ನಿಮಿಷ ಎಷ್ಟೇ ಚೆನ್ನಾಗಿ ಮಾತಾಡಿದರೂ ಅದು ಸಹಿ ಹಾಕಿದ ಕಾಗದಕ್ಕೆ ಸಮವಲ್ಲ. ಇಮೇಲ್ ಕಳಿಸಿ ಆಯಿತು ಅಂದುಕೊಳ್ಳಬೇಡಿ. ಮನೆ ಇಬ್ಬರ ಹೆಸರಿನಲ್ಲಿದ್ದರೆ ಇಬ್ಬರೂ ಸಹಿ ಹಾಕಿ. ಎರಡು ಪ್ರತಿ ಒಯ್ದು, ಒಂದರ ಮೇಲೆ ತಾರೀಖಿನ ಮೊಹರು ಹಾಕಿಸಿಕೊಂಡು ಬನ್ನಿ.

ಅದರಲ್ಲಿ ಏನು ಬರೆಯಬೇಕು ಅನ್ನುವುದು ಇನ್ನೊಂದು ಪ್ರಶ್ನೆ. 'ಇದು ಅನ್ಯಾಯ', 'ನಮ್ಮ ಕೈಲಾಗುವುದಿಲ್ಲ' ಅಂದರೆ ಕರುಣೆ ಬರಬಹುದು, ಮೊತ್ತ ಬದಲಾಗುವುದಿಲ್ಲ. ಕಾನೂನಿನ ಅಳತೆಗೋಲು ಬೇರೆ. ಕೆಲಸದಿಂದ ಆ ಆಸ್ತಿಯ ಮಾರುಕಟ್ಟೆ ಬೆಲೆ ಎಷ್ಟು ಏರಿತೋ ಅದಕ್ಕಿಂತ ಹೆಚ್ಚು ಅಸೆಸ್‌ಮೆಂಟ್ ಹಾಕುವಂತಿಲ್ಲ. ಇದಕ್ಕೆ ಸ್ಪೆಷಲ್ ಬೆನಿಫಿಟ್ ಅನ್ನುತ್ತಾರೆ. ರಾಜ್ಯದ ಸುಪ್ರೀಂ ಕೋರ್ಟ್ ಈ ತತ್ವವನ್ನು ಗಟ್ಟಿಯಾಗಿಯೇ ಹಿಡಿದಿದೆ. ಸೇಂಟ್ ಪಾಲ್ ನಗರ ರಸ್ತೆ ನಿರ್ವಹಣೆಗೆ ಹಾಕುತ್ತಿದ್ದ ಶುಲ್ಕವನ್ನು ಫಸ್ಟ್ ಬ್ಯಾಪ್ಟಿಸ್ಟ್ ಚರ್ಚ್ ಪ್ರಶ್ನಿಸಿತ್ತು. ಅದು ಬರೀ ಸೇವೆಯ ಶುಲ್ಕ ಅಂತ ನಗರ ವಾದಿಸಿತು. 2016ರಲ್ಲಿ ಕೋರ್ಟ್ ಅದನ್ನು ಒಪ್ಪಲಿಲ್ಲ. ಅದು ತೆರಿಗೆಯ ಅಧಿಕಾರದಿಂದಲೇ ಬಂದದ್ದು, ಬೆನಿಫಿಟ್‌ನ ಪರೀಕ್ಷೆ ಅದಕ್ಕೂ ಇದೆ ಅಂದಿತು.

ಹಾಗಾಗಿ ನಮ್ಮ ಕಾಗದದಲ್ಲಿ ಒಂದೇ ವಿಷಯ ಹಿಡಿದೆವು. ಹನ್ನೆರಡು ಅಡಿ ಅಗಲದ ಈ ಪಟ್ಟಿಯಲ್ಲಿ ನಗರದ ನಿಯಮದ ಪ್ರಕಾರ ಮನೆ ಕಟ್ಟಲಾಗದು. ಇದಕ್ಕೆ ನೀರಿನ ಸಂಪರ್ಕವಿಲ್ಲ, ಡ್ರೈವ್‌ವೇ ಇಲ್ಲ. ಬೇರೆಯಾಗಿ ಇದನ್ನು ಕೊಳ್ಳುವವರಿಲ್ಲ. ಹೊಸ ರಸ್ತೆಯಿಂದ ಇದರ ಬೆಲೆ 8,400 ಡಾಲರ್ ಏರುವುದು ಸಾಧ್ಯವಿಲ್ಲ. ಜೊತೆಗೆ ಕ್ರಯಪತ್ರದ ಪ್ರತಿ, ಮನೆ ಕೊಂಡಾಗಿನ ಸರ್ವೇ ನಕ್ಷೆ, ಕೌಂಟಿಯ ಆನ್‌ಲೈನ್ ನಕ್ಷೆಯ ಪ್ರಿಂಟ್, ಇಲ್ಲಿ ಕಟ್ಟಡಕ್ಕೆ ಅನುಮತಿ ಸಿಗದು ಅಂತ ಜೋನಿಂಗ್ ವಿಭಾಗದವರು ಬರೆದ ಇಮೇಲ್. ಕೊನೆಗೆ ಫೆಬ್ರವರಿಯ ಫೀಸಿಬಿಲಿಟಿ ರಿಪೋರ್ಟಿನ ಪಟ್ಟಿ. ಅದರಲ್ಲಿ ಈ ಜಾಗದ ಹೆಸರೇ ಇರಲಿಲ್ಲ. ಮಾವ ಫೋನಿನಲ್ಲಿ ಎಲ್ಲ ಕೇಳಿಸಿಕೊಂಡು, "ಅಷ್ಟು ಸಾಕು ಕಣಮ್ಮ, ಜಾಸ್ತಿ ಬರೀಬೇಡ. ಜಾಸ್ತಿ ಬರೆದರೆ ಓದೋರು ಮುಖ್ಯವಾದದ್ದೇ ಬಿಡ್ತಾರೆ" ಅಂದರು.

ಆಸ್ತಿಯ ಬೆಲೆ ಕಟ್ಟುವ ಅಪ್ರೈಸರ್ ಬೇಕಾ ಅಂತಲೂ ವಿಚಾರಿಸಿದೆವು. ರಸ್ತೆ ಆಗುವ ಮುಂಚಿನ ಬೆಲೆ, ಆದ ಮೇಲಿನ ಬೆಲೆ ಎರಡನ್ನೂ ಹಾಕಿ ವರದಿ ಬರೆಯಲು ಸಾವಿರಾರು ಡಾಲರ್ ಆಗುತ್ತದೆ. ಕೋರ್ಟಿಗೆ ಹೋಗುವುದಾದರೆ ಮಾತ್ರ ಬೇಕು, ಈಗಲೇ ಬೇಡ ಅಂದುಕೊಂಡೆವು. ದೊಡ್ಡ ಜಾಗ ಅಥವಾ ಅಂಗಡಿ ಕಟ್ಟಡ ಇರುವವರ ಲೆಕ್ಕ ಬೇರೆ ಇರಬಹುದು.

ಹಿಯರಿಂಗ್ ಅಕ್ಟೋಬರ್ ಮಧ್ಯದಲ್ಲಿ. ಕಾಗದವನ್ನು ಹಿಂದಿನ ವಾರವೇ ಕ್ಲರ್ಕಿಗೆ ಕೊಟ್ಟು ಮೊಹರು ಹಾಕಿಸಿದ್ದೆವು. ಆದರೂ ಇನ್ನೊಂದು ಪ್ರತಿ ಕೈಯಲ್ಲಿ ಹಿಡಿದು ಕೂತಿದ್ದೆ. ನಮ್ಮ ಸರದಿ ಬಂದಾಗ ಕಾಲು ನಡುಗುತ್ತಿತ್ತು. ಹೆಸರು, ವಿಳಾಸ ಹೇಳಿ, ಎರಡು ಪಾರ್ಸೆಲ್ ಸಂಖ್ಯೆ ಓದಿ, ನಕ್ಷೆ ತೋರಿಸಿದೆ. ಕೌನ್ಸಿಲ್ ಸದಸ್ಯರೊಬ್ಬರು ಎಂಜಿನಿಯರ್ ಕಡೆ ತಿರುಗಿ ಅಲ್ಲಿ ಮನೆ ಕಟ್ಟಬಹುದಾ ಅಂತ ಕೇಳಿದರು. ಇಲ್ಲ ಅಂದರು. ಹಾಗಾದರೆ ಪಟ್ಟಿಯಿಂದ ತೆಗೆಯೋಣ ಅಂತ ಅಲ್ಲೇ ತಿದ್ದುಪಡಿ ಮಾಡಿ ಮತ ಹಾಕಿದರು. ಅಷ್ಟು ದಿನದಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದು ಹೊರಗೆ ಬಂದು ಕಾರಿನಲ್ಲಿ ಕೂತು ಅತ್ತುಬಿಟ್ಟೆ.

ಕೌನ್ಸಿಲ್ ಒಪ್ಪಿದ ಮೊತ್ತ ನೋಟಿಸಿನಲ್ಲಿದ್ದದ್ದಕ್ಕಿಂತ ಬೇರೆಯಾದರೆ ಆ ಬದಲಾವಣೆಯನ್ನು ಅಂಚೆಯಲ್ಲಿ ತಿಳಿಸಬೇಕು. ನಮಗೂ ಬಂತು. ಆ ಕಾಗದ ಬರುವವರೆಗೆ ಸಮಾಧಾನ ಪಡಬೇಡಿ. ನಿಮ್ಮ ಪರವಾಗಿ ತೀರ್ಮಾನ ಆಗದಿದ್ದರೆ, ಅಸೆಸ್‌ಮೆಂಟ್ ಅಂಗೀಕಾರವಾದ 30 ದಿನದೊಳಗೆ ಮೇಯರ್ ಅಥವಾ ಕ್ಲರ್ಕಿಗೆ ಮೇಲ್ಮನವಿಯ ನೋಟಿಸು ಕೊಡಬೇಕು. ಕೊಟ್ಟ ಹತ್ತು ದಿನದೊಳಗೆ ಜಿಲ್ಲಾ ಕೋರ್ಟಿನಲ್ಲಿ ದಾಖಲಿಸಬೇಕು. ಅಲ್ಲಿಗೆ ಹೋಗುವ ಯೋಚನೆ ಇದ್ದರೆ ಹಿಯರಿಂಗ್‌ಗೆ ಮುಂಚೆಯೇ ವಕೀಲರ ಜೊತೆ ಮಾತಾಡಿಡಿ. ಆಮೇಲೆ ಹುಡುಕುತ್ತಾ ಕೂತರೆ 30 ದಿನ ಎಲ್ಲಿಗೂ ಸಾಲುವುದಿಲ್ಲ.

ಇನ್ನು ಹಣ ಕಟ್ಟುವ ವಿಷಯ. ಅಂಗೀಕಾರವಾದ 30 ದಿನದೊಳಗೆ ಪೂರ್ತಿ ಕಟ್ಟಿದರೆ ಬಡ್ಡಿ ಇಲ್ಲ. ಇಲ್ಲದಿದ್ದರೆ ಕೌಂಟಿಗೆ ಹೋಗಿ ಆಸ್ತಿ ತೆರಿಗೆಯ ಜೊತೆ ಕಂತಾಗಿ ಸೇರುತ್ತದೆ. ನಮ್ಮದಕ್ಕೆ ಹತ್ತು ವರ್ಷ, 5 ಶೇಕಡಾ ಬಡ್ಡಿ. ಮೊದಲ ಕಂತನ್ನು ಗಮನಿಸಿ. ಅದರ ಬಡ್ಡಿ ಅಂಗೀಕಾರದ ದಿನದಿಂದ ಮುಂದಿನ ವರ್ಷದ ಡಿಸೆಂಬರ್ 31ರವರೆಗೆ ಲೆಕ್ಕವಾಗುತ್ತದೆ, ಅಂದರೆ ಒಂದು ವರ್ಷಕ್ಕಿಂತ ಜಾಸ್ತಿ. ಪೂರ್ತಿ 8,400ನ್ನು ಕಂತಿಗೆ ಬಿಟ್ಟಿದ್ದರೆ ಮೊದಲ ವರ್ಷ ಅಸಲು 840, ಬಡ್ಡಿ 500ರ ಮೇಲೆ. ಹತ್ತು ವರ್ಷಕ್ಕೆ ಬಡ್ಡಿಯೇ ಸುಮಾರು 2,400 ಡಾಲರ್.

ಆ ವರ್ಷ ಅಮ್ಮನ ಕಣ್ಣಿನ ಆಪರೇಷನ್ ಇತ್ತು, ನಾನು ಊರಿಗೆ ಹೋಗಬೇಕಿತ್ತು. ಎಲ್ಲ ಹಣವನ್ನೂ ಒಮ್ಮೆಲೇ ಕೊಡಲು ಧೈರ್ಯ ಬರಲಿಲ್ಲ. ಒಂದಷ್ಟು ಭಾಗ ಮಾತ್ರ ಮುಂಚಿತವಾಗಿ ಕಟ್ಟಲು ನಮ್ಮ ನಗರದಲ್ಲಿ ಅವಕಾಶವಿತ್ತು. ಎಲ್ಲ ಕಡೆ ಇರುವುದಿಲ್ಲ, ನಗರ ಅದಕ್ಕೆ ಬೇರೆ ನಿಯಮ ಮಾಡಿರಬೇಕು. 4,400 ಕಟ್ಟಿ, 4,000ನ್ನು ಕಂತಿಗೆ ಬಿಟ್ಟೆವು. ಮುಂದೆ ಯಾವ ವರ್ಷ ಬೇಕಾದರೂ ನವೆಂಬರ್ 15ಕ್ಕೆ ಮುಂಚೆ, ಆ ವರ್ಷದ ಕೊನೆಯವರೆಗಿನ ಬಡ್ಡಿ ಸೇರಿಸಿ ಉಳಿದದ್ದನ್ನು ತೀರಿಸಬಹುದು.

ಬ್ಯಾಂಕ್ ಸಾಲದ ಜೊತೆ ಎಸ್ಕ್ರೋ ಖಾತೆ (ತೆರಿಗೆಗಾಗಿ ಬ್ಯಾಂಕಿನವರು ತಿಂಗಳು ತಿಂಗಳು ನಮ್ಮಿಂದ ಹಣ ತಗೊಂಡು ಇಡುವ ಖಾತೆ) ಇರುವವರು ಇನ್ನೊಂದು ವಿಷಯಕ್ಕೆ ಸಿದ್ಧವಾಗಿರಿ. ಕಂತು ತೆರಿಗೆ ಚೀಟಿಯಲ್ಲಿ ಸೇರಿರುವುದರಿಂದ ಮೇ 15 ಮತ್ತು ಅಕ್ಟೋಬರ್ 15ಕ್ಕೆ ಬ್ಯಾಂಕಿನವರೇ ಕಟ್ಟಿಬಿಡುತ್ತಾರೆ. ಆಮೇಲೆ ಎಸ್ಕ್ರೋದಲ್ಲಿ ಕೊರತೆ ಬಂದಿದೆ ಅಂತ ಕಾಗದ ಬರುತ್ತದೆ. ಹಿಂದಿನ ಕೊರತೆಯನ್ನೂ ಮುಂದಿನ ಅಂದಾಜನ್ನೂ ಒಟ್ಟಿಗೆ ಹಾಕುವುದರಿಂದ ಬ್ಯಾಂಕಿನ ತಿಂಗಳ ಕಂತಿನ ಏರಿಕೆ ನಿರೀಕ್ಷೆಯ ಎರಡರಷ್ಟಾಗುತ್ತದೆ. ನಮಗೆ ಮೊದಲ ವರ್ಷದ ಕಂತು ಸುಮಾರು 640 ಇತ್ತು, ತಿಂಗಳಿಗೆ ಏರಿದ್ದು ನೂರರ ಮೇಲೆ. ಕೊರತೆಯನ್ನು ಒಂದೇ ಸಲ ಕಟ್ಟಿದರೆ ಆ ಏರಿಕೆ ಅರ್ಧವಾಗುತ್ತದೆ.

ಫೆಡರಲ್ ತೆರಿಗೆಯಲ್ಲಿ ಇದನ್ನು ಆಸ್ತಿ ತೆರಿಗೆಯಂತೆ ಕಳೆಯಲು ಸಾಮಾನ್ಯವಾಗಿ ಬರುವುದಿಲ್ಲ. ಆಸ್ತಿಯ ಬೆಲೆ ಏರಿಸುವ ಕೆಲಸದ ಅಸೆಸ್‌ಮೆಂಟ್ ಮನೆಯ ಮೂಲ ವೆಚ್ಚಕ್ಕೆ ಸೇರುತ್ತದೆ. ಮನೆ ಮಾರುವಾಗ ಲಾಭದ ಲೆಕ್ಕದಲ್ಲಿ ಅದು ಉಪಯೋಗಕ್ಕೆ ಬರುತ್ತದೆ. ಬಡ್ಡಿಯ ಭಾಗ, ಬರೀ ದುರಸ್ತಿಯ ಭಾಗದ ಲೆಕ್ಕ ಬೇರೆ. ತೆರಿಗೆ ಮಾಡುವವರಿಗೆ ತೆರಿಗೆ ಚೀಟಿ ಮಾತ್ರ ಕೊಡದೆ ಅಸೆಸ್‌ಮೆಂಟ್ ಕಾಗದವನ್ನೂ ಕೊಡಿ. ರಸೀದಿಯನ್ನು ಮನೆ ಪತ್ರಗಳ ಜೊತೆಯೇ ಇಡಿ.

ಆ ಚಳಿಗಾಲ ಒಂದೇ ಪದರದ ರಸ್ತೆಯಲ್ಲಿ ಕಳೆಯಿತು. 2024ರ ಜೂನ್‌ನಲ್ಲಿ ಮೇಲಿನ ಪದರ ಹಾಕಿದರು, ಅಂಚಿಗೆ ಹುಲ್ಲು ಹಾಕಿದರು. ಆ ಹೊಸ ಹುಲ್ಲಿಗೆ ಎಷ್ಟು ದಿನದ ಮೇಲೆ ನೀರು ಹಾಕುವ ಜವಾಬ್ದಾರಿ ನಮ್ಮದಾಗುತ್ತದೆ ಅಂತ ಕೇಳಿಟ್ಟುಕೊಳ್ಳಿ. ಒಣಗಿದ ಮೇಲೆ ಯಾರೂ ಬರುವುದಿಲ್ಲ.

ಆ ಹನ್ನೆರಡು ಅಡಿ ಪಟ್ಟಿಯನ್ನು ಮನೆಯ ಪಾರ್ಸೆಲ್ ಜೊತೆ ಸೇರಿಸಲು ಕೌಂಟಿಗೆ ಅರ್ಜಿ ಕೊಟ್ಟೆವು. ಎರಡರ ತೆರಿಗೆಯೂ ಬಾಕಿ ಇರಬಾರದು, ಎರಡರಲ್ಲೂ ಮಾಲೀಕರ ಹೆಸರು ಒಂದೇ ರೀತಿ ಇರಬೇಕು ಅಂದರು. ಒಂದರಲ್ಲಿ ನಮ್ಮ ಮನೆಯವರ ಹೆಸರು ಇನಿಷಿಯಲ್ ಸಮೇತ, ಇನ್ನೊಂದರಲ್ಲಿ ಅಪ್ಪನ ಹೆಸರು ಪೂರ್ತಿ ಬಿಡಿಸಿ ಬರೆದದ್ದು. ನಮ್ಮ ಕಡೆಯವರಿಗೆ ಈ ಕಷ್ಟ ಎಲ್ಲ ದೇಶದಲ್ಲೂ ತಪ್ಪಿದ್ದಲ್ಲ. ಅದನ್ನು ಸರಿಪಡಿಸಲು ಮತ್ತಷ್ಟು ವಾರ ಹಿಡಿಯಿತು. ಈಗ ಒಂದೇ ಸಂಖ್ಯೆ, ಒಂದೇ ಚೀಟಿ. ನಿಮ್ಮ ಕೌಂಟಿಯ ನಕ್ಷೆಯಲ್ಲಿ ನಿಮ್ಮ ಮನೆ ಎಷ್ಟು ಪಾರ್ಸೆಲ್ ಆಗಿದೆ ಅಂತ ನೋಡಲು ಐದು ನಿಮಿಷ ಸಾಕು.

ಮನೆ ಕೊಳ್ಳಲು ಹೊರಟವರು ಆಸ್ತಿಯ ಹಕ್ಕುಪತ್ರ ಪರಿಶೀಲಿಸುವ ಟೈಟಲ್ ಕಂಪನಿಯ ಹತ್ತಿರ ಅಸೆಸ್‌ಮೆಂಟ್ ಸರ್ಚ್ ಮಾಡಿಸಿ. ಈಗಾಗಲೇ ಹಾಕಿರುವುದು, ಇನ್ನೂ ಹಾಕಲಿರುವುದು ಎರಡನ್ನೂ ಕೇಳಿ. ಬಾಕಿ ಯಾರು ಕಟ್ಟಬೇಕು ಅನ್ನುವುದನ್ನು ಕರಾರಿನಲ್ಲೇ ಬರೆಸಿ. ಆ ಸರ್ಚ್‌ನಲ್ಲಿ ಸಿಗದ ಒಂದು ಮಾಹಿತಿ ನಗರದ ಕ್ಯಾಪಿಟಲ್ ಇಂಪ್ರೂವ್‌ಮೆಂಟ್ ಪ್ಲಾನ್‌ನಲ್ಲಿ ಸಿಗುತ್ತದೆ. ಮುಂದಿನ ವರ್ಷಗಳಲ್ಲಿ ಯಾವ ಯಾವ ಬೀದಿ ಕೈಗೆತ್ತಿಕೊಳ್ಳುತ್ತಾರೆ ಅಂತ ಅದರಲ್ಲಿ ವರ್ಷದ ಪ್ರಕಾರ ಬರೆದಿರುತ್ತಾರೆ. ಸಿಗದಿದ್ದರೆ ಎಂಜಿನಿಯರಿಂಗ್ ವಿಭಾಗಕ್ಕೆ ಫೋನ್ ಮಾಡಿ ಬೀದಿಯ ಹೆಸರು ಹೇಳಿದರೆ ಸಾಕು, ಅವರೇ ವರ್ಷ ನೋಡಿ ಹೇಳುತ್ತಾರೆ.